ಕಡಲ ಹಾವು ಕಚ್ಚಿದರೆ ನೋಯುವುದಿಲ್ಲ

ಇವತ್ತು ಬೆಳಿಗ್ಗೆ ಮೊಮ್ಮಗ ಬಲೆಗೆ ಸಿಕ್ಕಿದ ಕಡಲ ಹಾವನ್ನು ಬಾಲ ಹಿಡಿದೆತ್ತಿ ನೀರಿಗೆ ಎಸೆದ. ಒದ್ದೆ ಬಲೆಯ ವಾಸನೆಗೆ ನಾನು ಮತ್ತೆ ಬೋಳಾರದ ಪುಟ್ಟ ಹುಡುಗಿಯಾದೆ.

ನನ್ನ ಅಪ್ಪನೂ ಹೀಗೆಯೇ ಎಸೆಯುತ್ತಿದ್ದರು. ನಾಗರಹಾವಿಗೆ ಕೈಮುಗಿದು ದೂರ ನಿಲ್ಲುತ್ತಿದ್ದ ಅವರಿಗೆ ಕಡಲ ಹಾವಿನ ಭಯವೇ ಇರಲಿಲ್ಲ. "ಅದು ಕಚ್ಚುದಿಲ್ಲ ಮಗಳೇ, ನಮ್ಮ ಹಾಗೆ ಮೀನಿಗೆ ಬಂದದ್ದು," ಎನ್ನುತ್ತಿದ್ದರು.

ಒಂದು ದಿನ ಅದು ಅಪ್ಪನ ಬೆರಳಿಗೆ ಕಚ್ಚಿತು. ರಕ್ತವಿಲ್ಲ, ಬಾವು ಇಲ್ಲ. ಅಪ್ಪ ಬೆರಳನ್ನು ಉಪ್ಪುನೀರಿಗೆ ಅದ್ದಿ, "ಎಂತ ಇಲ್ಲ, ಮುಳ್ಳು ತಾಗಿದ ಹಾಗೆ ಉಂಟು," ಎಂದು ನಕ್ಕರು. ಬಲೆ ಎಳೆದು ಮುಗಿಸಿಯೇ ಮನೆಗೆ ಬಂದರು.

ಅಮ್ಮ ಗಂಜಿ ಬಡಿಸಿದಳು. ಅಪ್ಪ ಉಣ್ಣದೆ ಸುಮ್ಮನೆ ಕೂತಿದ್ದರು.

"ಬರೀ ಚಟ್ನಿ ಅಂತ ಸಿಟ್ಟಾ? ಬಾಯಿ ತೆಗೀಲಿಕ್ಕೂ ಆಗುದಿಲ್ವಾ ನಿಮಗೆ?" ಎಂದು ಅಮ್ಮ ಗದರಿದಳು.

ನಿಜವಾಗಿಯೂ ಆಗುತ್ತಿರಲಿಲ್ಲ. ದವಡೆ ಕಟ್ಟಿಹೋಗಿತ್ತು, ರೆಪ್ಪೆಗಳು ಇಳಿಯುತ್ತಿದ್ದವು. ಸಂಜೆಯೊಳಗೆ ಉಸಿರೂ ನಿಂತಿತು. ಆಮೇಲೆ ಯಾರಿಗೆ ಗಂಜಿ ಬಡಿಸುವಾಗಲೂ ಅಮ್ಮ ಮಾತಾಡಿದ್ದಿಲ್ಲ.

ಬಲೆ ಮಡಚುತ್ತಿದ್ದ ಮೊಮ್ಮಗನ ಹತ್ತಿರ ಹೋಗಿ, "ಬಾಯಿ ತೆಗಿ ಮಗಾ," ಎಂದೆ. ಅವನು ನಗುತ್ತ ಅಗಲವಾಗಿ ಬಾಯಿ ತೆರೆದು, "ಎಂತ ಅಜ್ಜಿ?" ಎಂದು ಕೇಳಿದ.

ಎಂತ ಇಲ್ಲ ಎನ್ನಲು ನನ್ನ ಬಾಯಿ ತೆರೆಯಲಿಲ್ಲ.