ಹಡಗಿನ ಮೇಲಿನ ಸಂಕಷ್ಟಿ

ನನ್ನ ಎದೆಯ ಗಂಟು ತೆಗೆಸಿದ ವಾರವೇ ನಮ್ಮತ್ತೆ ಇಪ್ಪತ್ತೊಂದು ಸಂಕಷ್ಟಿಯ ಹರಕೆ ಹೊತ್ತರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಬೇಡವೇ ಬೇಡ ಅನ್ನುತ್ತಿದ್ದೆ. ಎಪ್ಪತ್ತೈದು ದಾಟಿದ ಜೀವ, ಮೇಲೆ ಸಕ್ಕರೆ ಕಾಯಿಲೆ. ನಾನು ಆಸ್ಪತ್ರೆಯಿಂದ ಹ್ಯಾಮಿಲ್ಟನ್ನಿನ ರೊಟೊಟೂನ ಬಡಾವಣೆಯ ಮನೆಗೆ ಬರುವಷ್ಟರಲ್ಲಿ ದೇವರ ಮುಂದೆ ತೆಂಗಿನಕಾಯಿ ಇಟ್ಟಾಗಿತ್ತು. "ಸೊಸಿ ಗುಣಾ ಆಗ್ಲಿ ಗಣಪ್ಪ, ಇಪ್ಪತ್ತೊಂದರಾಗ ಒಂದೂ ತಪ್ಪಸೂದಿಲ್ಲ ನಾ" ಅಂತ ಮಾತು ಕೊಟ್ಟಾಗಿತ್ತು. ಒಂದು ತಪ್ಪಿದರೂ ಎಣಿಕೆ ಮತ್ತೆ ಒಂದರಿಂದ ಶುರುವಾಗಬೇಕು. ಅದು ಅವರ ತವರಿನ ಕಟ್ಟಳೆ.

ಹುಣ್ಣಿಮೆ ಕಳೆದ ಚೌತಿಯ ದಿನ ಹಗಲೆಲ್ಲ ಉಪವಾಸ. ರಾತ್ರಿ ಚಂದ್ರ ಮೂಡಿದ ಮೇಲೆ ಅವನಿಗೆ ಅರ್ಘ್ಯ ಬಿಟ್ಟು ಊಟ. ಧಾರವಾಡದಲ್ಲಿ ಮಾಳಿಗೆ ಹತ್ತಿ ನೋಡುತ್ತಿದ್ದ ಚಂದ್ರನನ್ನು ಅತ್ತೆ ಇಲ್ಲಿ ಹಿತ್ತಲಲ್ಲಿ, ಬಟ್ಟೆ ಒಣಹಾಕುವ ತಂತಿಯ ಪಕ್ಕದಲ್ಲಿ, ಮಗನ ಗಮ್‌ಬೂಟು ತೊಟ್ಟು ನೋಡುತ್ತಿದ್ದರು. ಚಂದ್ರನೊಳಗಿನ ಮೊಲ ಭೂಮಿಯ ದಕ್ಷಿಣಾರ್ಧದ ಈ ದೇಶದಲ್ಲಿ ತಲೆಕೆಳಗಾಗಿ ಕಾಣುತ್ತದೆ. "ಇಲ್ಲೆ ಚಂದ್ರಾಮನೂ ಉಲ್ಟಾನೇ ನೋಡವಾ" ಅಂತ ಪ್ರತಿ ತಿಂಗಳೂ ತಪ್ಪದೆ ಬೈಯುತ್ತಿದ್ದರು. ಮೋಡ ಕವಿದ ದಿನ ಮಾತ್ರ ನನ್ನ ಫೋನಿನ ಪಂಚಾಂಗವೇ ಗತಿ. ಆ ಸಣ್ಣಕ್ಷರ ಅವರ ಕಣ್ಣಿಗೆ ಹತ್ತುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಚಂದ್ರೋದಯ ಸಾರುವ ಕೆಲಸ ನನ್ನದಾಗಿತ್ತು.

ಒಂದೂವರೆ ವರ್ಷ ಕಳೆದು, ಎರಡನೆಯ ಸ್ಕ್ಯಾನೂ ಚೆನ್ನಾಗಿ ಬಂದಾಗ ನನ್ನ ಗಂಡ, "ಎಲ್ಲೆ ಹೋಗೋಣು ಹೇಳು. ನೀ ಅಂದದ್ದs ಊರು" ಅಂದ. ಕತ್ತಲಾಗದ ಊರಿಗೆ ಅಂದೆ. ಆಸ್ಪತ್ರೆಯ ರಾತ್ರಿಗಳು ನನಗೆ ಸಾಕುಸಾಕಾಗಿದ್ದವು. ಅವನು ಕೂತು ಹುಡುಕಿ, ಕೋಪನ್‌ಹೇಗನ್‌ನಿಂದ ಶುರುಮಾಡಿ ಓಸ್ಲೋ, ಸ್ಟಾಕ್‌ಹೋಮ್, ಹೆಲ್ಸಿಂಕಿ, ಟ್ಯಾಲಿನ್ ಅಂತ ಹಡಗಿನಿಂದ ಹಡಗಿಗೆ ಹತ್ತಿಳಿಯುವ ಪ್ರವಾಸ ಗೊತ್ತುಮಾಡಿದ. ಇಲ್ಲಿ ಚಳಿಗಾಲ, ಅಲ್ಲಿ ಬೇಸಿಗೆ. ಅತ್ತೆಗೆ ಮಾತ್ರ ಒಂದೇ ಚಿಂತೆ. ಹೊರಡುವಷ್ಟರಲ್ಲಿ ಇಪ್ಪತ್ತು ಸಂಕಷ್ಟಿ ಮುಗಿಯುತ್ತಿದ್ದವು, ಕೊನೆಯದು ಸರಿಯಾಗಿ ಪ್ರವಾಸದ ನಡುವೆ ಬರುತ್ತಿತ್ತು.

"ಇದೊಂದು ಮುಗೀಲಿ, ಆಮ್ಯಾಲ ಹೋಗೋಣಪಾ."

"ಅವ್ವಾ, ಸಮುದ್ರದ ಮ್ಯಾಲ ಚಂದ್ರಗ ಅಡ್ಡ ಯಾವ ಗಿಡ ಅದ? ಛಂದಂಗೆ ಕಾಣತಾನ ಬಾ" ಅಂದ ನನ್ನ ಗಂಡ. ಅಲ್ಲಿಗೆ ಮಾತು ಮುಗಿಯಿತು. ಕತ್ತಲೇ ಇಲ್ಲದ ನಾಡಿಗೆ ಚಂದ್ರನನ್ನು ನಂಬಿಕೊಂಡು ಹೊರಟ ಮೊದಲ ದಂಡು ನಮ್ಮದೇ ಇರಬೇಕು! ಎರಡು ಡಿಗ್ರಿ ಇದ್ದವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಪ್ರವಾಸ ಸೊಗಸಾಗಿತ್ತು, ಅದನ್ನು ಯಾಕೆ ಮುಚ್ಚಿಡಲಿ. ಕೋಪನ್‌ಹೇಗನ್ನಿನ ಕಾಲುವೆಗಳನ್ನು ನೋಡಿ ಅತ್ತೆ, "ಇಷ್ಟ ನೀರಿದ್ರೂ ಒಂದ ಸೊಳ್ಳಿ ಇಲ್ಲಲಾ!" ಅಂತ ಬೆರಗಾದರು. ಓಸ್ಲೋಗೆ ಹೋಗುವ ಹಡಗಿನಲ್ಲಿ ಲಿಫ್ಟು, ಅಂಗಡಿಸಾಲು, ಕುಣಿಯುವ ಕೋಣೆ ಎಲ್ಲ ಇದ್ದವು. ನಾವು ಕಂಡಿದ್ದ ದೊಡ್ಡ ಹಡಗೆಂದರೆ ನೆಲ್ಸನ್‌ಗೆ ಹೋಗುವಾಗ ವೆಲಿಂಗ್ಟನ್‌ನಲ್ಲಿ ಕಾರು ಸಮೇತ ಹತ್ತಿದ ಫೆರಿ. ಅದರಲ್ಲಿ ಅತ್ತೆ ಮೂರು ತಾಸೂ ಕಣ್ಣು ಮುಚ್ಚಿ ವಿಷ್ಣು ಸಹಸ್ರನಾಮ ಹೇಳಿದ್ದರು. ಇಲ್ಲಿಯ ನೀರು ಕೆರೆಯ ಹಾಗೆ ಮಲಗಿತ್ತು.

ಸ್ಟಾಕ್‌ಹೋಮ್ ಬಿಟ್ಟ ಸಂಜೆಯೇ ಸಂಕಷ್ಟಿ. ಹಡಗು ತಾಸುಗಟ್ಟಲೆ ನಡುಗಡ್ಡೆಗಳ ನಡುವೆಯೇ ನುಸುಳುತ್ತ ಸಾಗಿತು. ಒಂದೊಂದು ಬಂಡೆಗೂ ಒಂದೊಂದು ಕೆಂಪು ಮರದ ಮನೆ, ಧ್ವಜದ ಕಂಬ, ನಮ್ಮ ಕಡೆ ಬ್ಯಾಚ್ ಅನ್ನುವ ಕಡಲತೀರದ ರಜೆಮನೆಗಳಲ್ಲಿ ಇರುವಂತೆ ರಜೆಗೆ ಬಂದ ಜನ, ಕೈಬೀಸುವ ಮಕ್ಕಳು. ಅತ್ತೆ ಬೆಳಗಿನಿಂದ ಎರಡು ಲೋಟ ಹಾಲು, ಒಂದು ಬಾಳೆಹಣ್ಣಿನ ಮೇಲಿದ್ದರು. ಡೆಕ್ಕಿನ ಬೆಂಚಿನ ಮೇಲೆ ಶಾಲು ಹೊದ್ದು ಪೂರ್ವಕ್ಕೆ ಮುಖಮಾಡಿ ಕೂತಿದ್ದರು. ಮಡಿಲಲ್ಲಿ ಪುಟ್ಟ ತಂಬಿಗೆ, ಕೊಬ್ಬರಿ ಬೆಲ್ಲದ ಡಬ್ಬಿ.

ಊಟಕ್ಕೆ ನಮಗೆ ಕೊಟ್ಟಿದ್ದ ಹೊತ್ತು ಎಂಟೂವರೆ. ತಪ್ಪಿದರೆ ಊಟದ ಮನೆ ಮುಚ್ಚುತ್ತದೆ. ನನ್ನ ಗಂಡ ಮೇಜು ಹಿಡಿಯಲು ಮುಂದೆ ಹೋದ. ನಾನು ಅತ್ತೆಯ ಪಕ್ಕ ನಿಂತಿದ್ದೆ. ಸೂರ್ಯ ನೀರಿನಿಂದ ಇನ್ನೂ ಮೊಳದೆತ್ತರದಲ್ಲಿದ್ದ.

"ಏನವಾ, ಎಷ್ಟಕ್ಕ ಮೂಡತಾನ ಇವತ್ತ?"

ಫೋನು ತೆಗೆದೆ. ಪಂಚಾಂಗದ ತಲೆಯ ಮೇಲೆ ಊರು ಹ್ಯಾಮಿಲ್ಟನ್ ಅಂತಲೇ ಇತ್ತು. ಚಂದ್ರೋದಯ ಎಂಟೂವರೆ. ಊರು ಬದಲಿಸಿ ಸ್ಟಾಕ್‌ಹೋಮ್ ಅಂತ ಒತ್ತಿದೆ. ನಡುರಾತ್ರಿಯ ಸಮೀಪ ತೋರಿಸಿತು. ಮತ್ತೆ ಹ್ಯಾಮಿಲ್ಟನ್ ಒತ್ತಿದೆ. ಇಷ್ಟೂ ನಾನು ಬೇಕಂತಲೇ ಮಾಡಿದ್ದು, ಕೈತಪ್ಪಿ ಆದದ್ದಲ್ಲ.

"ಎಂಟೂವರಿಗೇ ಅದರಿ ಅತ್ಯಾ. ಪಂಚಾಂಗದಾಗ ಹಂಗs ಅದ."

ಮಾತಿನಲ್ಲಿ ಸುಳ್ಳಿರಲಿಲ್ಲ. ಯಾವ ಊರಿನದು ಅಂತ ಮಾತ್ರ ಹೇಳಲಿಲ್ಲ.

"ಹೌದೇನು? ಕಾಣಸವಲ್ಲನಲ್ಲ" ಅಂತ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

"ಬೆಳಕ ಭಾಳ ಅದಲ್ಲರಿ, ಅದಕ್ಕ."

"ಆತು ಬಿಡು. ನೀ ಹೇಳಿದಿ ಅಂದ್ರ ನಾ ನೋಡಿಧಂಗs."

ಎದ್ದು ನಿಂತು, ಏನೂ ಇಲ್ಲದ ಆಕಾಶಕ್ಕೆ ಅರ್ಘ್ಯ ಬಿಟ್ಟರು. ಗಾಳಿಗೆ ಅರ್ಧ ನೀರು ನನ್ನ ಮೇಲೆಯೇ ಬಿತ್ತು. "ನನ್ನ ಸೊಸಿನ್ನ ಛಂದಂಗೆ ಇಡಪಾ" ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಒಳಗೆ ಹೋಗಿ ಬೇಯಿಸಿದ ಆಲೂಗಡ್ಡೆ, ಕಪ್ಪು ಬ್ರೆಡ್ಡು, ಕೆನೆ ಹಾಕಿದ ಸ್ಟ್ರಾಬೆರಿ ತಿಂದರು. ಇಪ್ಪತ್ತೊಂದೂ ಮುಗಿದವೆಂದು ಅವರ ಮುಖ ಹೂವಾಗಿತ್ತು. ನಾನೂ ತಟ್ಟೆ ತುಂಬ ಹಾಕಿಕೊಂಡು ತಿಂದೆ.

ಯಾಕೆ ಹಾಗೆ ಮಾಡಿದೆ ಅಂತ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅವರ ಸಕ್ಕರೆ ಇಳಿದೀತು ಅನ್ನುವುದು ಆಮೇಲೆ ಹುಟ್ಟಿದ ನೆಪ. ಆ ಹೊತ್ತಿಗೆ ನನಗಿದ್ದದ್ದು ಹಸಿವು ಮತ್ತು ಸಿಟ್ಟು, ಅಷ್ಟೇ. ಇಷ್ಟು ದೂರ ಬಂದರೂ ನನ್ನ ಕಾಯಿಲೆ ನಮ್ಮ ಜೊತೆಗೇ ಹಡಗು ಹತ್ತಿ ಬೆಂಚಿನ ಮೇಲೆ ಕೂತಿದೆಯಲ್ಲ ಅಂತ ಸಿಟ್ಟು. ದೇವರು, ಹರಕೆ ಇದರಲ್ಲೆಲ್ಲ ನನಗೆ ನಂಬಿಕೆಯೂ ಅಷ್ಟಕ್ಕಷ್ಟೆ.

ಮರುದಿನ ಬೆಳಿಗ್ಗೆ ತಿಂಡಿಗೆ ಹೋಗುವಾಗ ಅತ್ತೆ ಡೆಕ್ಕಿನಲ್ಲಿ ಗಕ್ಕನೆ ನಿಂತರು. ಹೆಲ್ಸಿಂಕಿ ದೂರದಲ್ಲಿ ಕಾಣುತ್ತಿತ್ತು, ಇತ್ತ ನೀರಿಗೆ ತಾಗುವಂತೆ ಬಿಳಿಚಿಕೊಂಡ ಚಂದ್ರ. "ಅಯ್ಯ, ನೋಡಿಲ್ಲೆ! ಮೊಲ ನೆಟ್ಟಗ ಕೂತದ, ನಮ್ಮೂರಾಗ ಕೂತಂಗ!" ಅಂತ ನನ್ನ ಕೈ ಹಿಡಿದು ಕಣ್ಣಲ್ಲಿ ನೀರು ತಂದರು. ಹತ್ತು ವರ್ಷದ ಮೇಲೆ ಕಂಡ ನೆಟ್ಟಗಿನ ಚಂದ್ರ. ಹಿಂದಿನ ರಾತ್ರಿ ಕಾದಿದ್ದರೆ ಅವನಿಗೇ ಅರ್ಘ್ಯ ಬಿಡುತ್ತಿದ್ದರು. ಕಾಫಿ ಆರುತ್ತದೆ ಬನ್ನಿ ಅಂದೆ.

ಅಲ್ಲಿಂದ ಮುಂದೆ ಏನು ನೋಡಿದೆನೋ ದೇವರೇ ಬಲ್ಲ. ಟ್ಯಾಲಿನ್‌ನ ಕೋಟೆ, ಕಲ್ಲುಹಾಸಿನ ಬೀದಿ ಎಲ್ಲ ಫೋಟೋದಲ್ಲಿವೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅತ್ತೆ ಚಂದ್ರ ಅಂದರೆ ಸಾಕು, ನಾನು ಮಾತು ಬದಲಿಸುತ್ತಿದ್ದೆ. ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಡಬ್ಬಿಯ ತಳದ ಒಂದು ಚೂರು ಕೊಬ್ಬರಿಯನ್ನೂ ಅವರು ತಾವಾಗಿಯೇ, ಹೊರದೇಶದ ತಿನಿಸು ತಪಾಸಿಸುವ ಅಧಿಕಾರಿಗೆ ತೋರಿಸಿದರು. "ಸುಳ್ಳ ಹೇಳಿ ಒಳಗ ಬರಬಾರದವಾ" ಅಂದರು. ನನಗಾಗಿ ಹೇಳಿದ ಮಾತಲ್ಲ, ಆದರೂ ನನಗೆ ತಲೆಯೆತ್ತಲು ಆಗಲಿಲ್ಲ.

ಮುಂದಿನ ಭಾನುವಾರ ಉದ್ಯಾಪನೆ ಇಟ್ಟರು. ಹರಕೆ ಮುಗಿದದ್ದಕ್ಕೆ ಪೂಜೆ, ಇಪ್ಪತ್ತೊಂದು ಮೋದಕ, ಹ್ಯಾಮಿಲ್ಟನ್ನಿನ ನಮ್ಮ ಮಂದಿಗೆಲ್ಲ ಊಟ. ಫೋನಿನಲ್ಲಿ ಒಬ್ಬೊಬ್ಬರಿಗೂ, "ನಮ್ಮ ಸೊಸಿ ನಡುಸಮುದ್ರದಾಗ ನಿಂತು ಚಂದ್ರೋದಯ ಹೇಳಿದ್ಲು" ಅಂತ ಹೆಮ್ಮೆಯಿಂದ ವರದಿ ಒಪ್ಪಿಸಿದರು. ಅದೇ ವಾರ ನನ್ನ ಮೂರನೆಯ ಸ್ಕ್ಯಾನಿನ ದಿನವೂ ಗೊತ್ತಾಯಿತು. ಆಗ ನನಗೆ ಹೆದರಿಕೆ ಹತ್ತಿತು. ನಂಬಿಕೆ ಇಲ್ಲ ಅಂದವಳಿಗೆ ನಿದ್ದೆ ಇಲ್ಲ! ಹರಕೆ ಪೊಳ್ಳಾಗಿದ್ದರೆ? ಗಂಟು ಮತ್ತೆ ಬಂದರೆ? ಅತ್ತೆಗೆ ಮಾಡಿದ ಮೋಸಕ್ಕೆ ನಾನು ಎದೆ ತುಂಬ ನಾಚಿದ್ದು ನಿಜ, ಆದರೆ ಬಾಯಿ ಬಿಡಿಸಿದ್ದು ಆ ನಾಚಿಕೆಯಲ್ಲ, ಜೀವಭಯ. ಇದನ್ನು ಬರೆಯುವಾಗಲೂ ಮೈ ಹಿಡಿಯಷ್ಟಾಗುತ್ತದೆ.

ಭಾನುವಾರ ಬೆಳಿಗ್ಗೆ ಅವರು ಮೋದಕದ ಹಿಟ್ಟು ನಾದುತ್ತಿದ್ದರು. ನಾನು ಕಾಯಿ ತುರಿಯುತ್ತ, ಮುಖ ನೋಡದೆ, ಎಲ್ಲ ಹೇಳಿಬಿಟ್ಟೆ. ಊರು ಬದಲಿಸಿ ನೋಡಿದ್ದು, ತಿರುಗಿ ಹ್ಯಾಮಿಲ್ಟನ್ ಒತ್ತಿದ್ದು, ಎಲ್ಲ.

ಅವರ ಕೈ ನಿಂತಿತು. "ಯಾಕ ಹಂಗ ಮಾಡಿದಿ?" ಅಂದರು.

"ಹಸಿವಾಗಿತ್ತರಿ."

"ಹಸಿವಾಗಿದ್ರ ನೀ ಉಣಬೇಕಿತ್ತಲ್ಲವಾ. ಉಪಾಸ ನಂದಿತ್ತು."

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಬೈಯಲಿಲ್ಲ. ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಕೈ ತೊಳೆದುಕೊಂಡು, "ಮಂದಿ ಬರ್ಲಿ. ಉಂಡು ಹೋಗ್ಲಿ. ಉದ್ಯಾಪನಿ ಅಂತ ಅನಬ್ಯಾಡ" ಅಂದರು. ಆ ಮಧ್ಯಾಹ್ನ ಬಂದವರಿಗೆಲ್ಲ ನಗುನಗುತ್ತ ಬಡಿಸಿದರು. ಚಂದ್ರನ ಕಥೆ ಯಾರೋ ಕೇಳಿದಾಗ, "ಅಲ್ಲೆ ಕತ್ತಲಾಗೂದs ಇಲ್ಲ ನೋಡ್ರಿ" ಅಂತಷ್ಟೇ ಹೇಳಿ ಸಾರಿನ ಪಾತ್ರೆ ತರಲು ಎದ್ದರು.

ಸ್ಕ್ಯಾನು ಚೆನ್ನಾಗಿಯೇ ಬಂತು. ನನ್ನ ಗಂಡ ಓದಿ ಹೇಳಿದಾಗ ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ಇನ್ನು ಹರಕೆ ಸಾಕು ಅನ್ನುತ್ತಾರೆ ಅಂದುಕೊಂಡೆ. ಮುಂದಿನ ಸಂಕಷ್ಟಿಯ ಬೆಳಿಗ್ಗೆ ನೋಡಿದರೆ ಸ್ನಾನ ಮಾಡಿ, ಬರೀ ಹಾಲು ಕುಡಿದು ಕೂತಿದ್ದಾರೆ.

"ಅತ್ಯಾ, ಇದೇನ್ರಿ ಇದು?"

"ಒಂದನೇದು" ಅಂದರು.

ಬೇಡ ಅಂತ ಕಾಲು ಹಿಡಿಯುವುದೊಂದು ಬಾಕಿ. ನನ್ನ ಬದಲು ನೀವ್ಯಾಕೆ, ಬೇಕಾದರೆ ನಾನೇ ಹಿಡಿಯುತ್ತೇನೆ ಅಂದೆ. "ಗುಳಿಗಿ ತೊಗೊಳ್ಳಾಕಿ ನೀ, ನೀ ಹೊಟ್ಟಿತುಂಬ ಉಣಬೇಕು" ಅಂದರು. ಗಂಡ ಹೇಳಿದ, ಡಾಕ್ಟರ ಹೆಸರು ಹೇಳಿ ಹೆದರಿಸಿದ. ಮಗನ ಮಾತಿಗೆ ಅವರು ಯಾವತ್ತು ಹೆದರಿದ್ದರು? ಇನ್ನೊಮ್ಮೆ ಇಪ್ಪತ್ತೊಂದು ತಿಂಗಳು. ಮುಗಿಯುವ ಹೊತ್ತಿಗೆ ಎಂಬತ್ತರ ಹತ್ತಿರ.

ಆ ಸಂಜೆ ಮೋಡ ದಟ್ಟವಾಗಿ ಕವಿದಿತ್ತು, ಹನಿಯೂ ಬೀಳುತ್ತಿತ್ತು. ಅತ್ತೆ ಹಿತ್ತಲಿಗೆ ಕುರ್ಚಿ ಹಾಕಿಸಿಕೊಂಡು ಕೊಡೆ ಹಿಡಿದು ಕೂತರು. ಹೊತ್ತಾಯಿತು. ನಾನು ಫೋನು ತೆಗೆದು, ಊರಿನ ಹೆಸರನ್ನು ಎರಡೆರಡು ಸಲ ಓದಿಕೊಂಡು, ಬಾಗಿಲಿಗೆ ಬಂದೆ.

"ಅತ್ಯಾ, ಪಂಚಾಂಗದಾಗ..."

"ನೀ ಹೇಳಬ್ಯಾಡವಾ" ಅಂದರು, ಮೆತ್ತಗೆ, ತಿರುಗಿ ನೋಡದೆ. "ನಾನs ನೋಡತೀನಿ."