ರಬ್ಬರ್ ಇಲ್ಲದ ಕ್ಲಾಸು

ಮಾಸ್ತರರ ಬೆರಳುಗಳು ಹುಣಸೆಕಾಯಿಯ ಹಾಗೆ ಡೊಂಕಾಗಿದ್ದವು. ಸಂಧಿವಾತ. ಟೈಪಿಂಗ್ ಕಲಿಸುವವರ ಕೈಯೇ ಹೀಗಿದ್ದರೆ ಕಲಿಯುವವರ ಗತಿಯೇನು ಎಂದು ಮೊದಲ ದಿನವೇ ಅನ್ನಿಸಿತ್ತು. ಅವರು ಮರದ ರೂಲರಿನಿಂದ ಮೇಜು ಕುಟ್ಟಿ ತಾಳ ಹಾಕುತ್ತಿದ್ದರು. ಆ ತಾಳಕ್ಕೆ ನಾವು ಎಂಟು ಜನ ಒಟ್ಟಿಗೆ ಅಕ್ಷರ ಒತ್ತಬೇಕಿತ್ತು.

ಐವತ್ತರ ದಶಕದ ಮಾತು. ವಿಲೆ ಪಾರ್ಲೆ ಸ್ಟೇಷನ್ನಿನ ಹತ್ತಿರ, ಕಿರಾಣಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಕ್ಲಾಸು. ಗಂಡನ ಹೊಡೆತ ತಾಳಲಾರದೆ ನಾನು ಹುಬ್ಬಳ್ಳಿ ಬಿಟ್ಟು, ಸಾಂತಾಕ್ರೂಜಿನ ಚಾಳಿನಲ್ಲಿದ್ದ ಅಣ್ಣನ ಮನೆಗೆ ಬಂದು ವರ್ಷವಾಗಿತ್ತು. ನಲ್ಲಿಯ ಮುಂದೆ ಸರದಿ ನಿಂತು ನೀರು ತುಂಬಿ, ಅಣ್ಣನ ಮಕ್ಕಳಿಗೆ ಉಣಿಸಿ, ಪಾರ್ಲೆಯವರೆಗೆ ನಡೆದು ಬರುವಷ್ಟರಲ್ಲಿ ಸಾಕುಸಾಕಾಗಿರುತ್ತಿತ್ತು. ವಯಸ್ಸು ಇಪ್ಪತ್ತೆರಡು, ದಣಿವು ಮಾತ್ರ ಮುದುಕಿಯದು.

ಉಡುಪಿ ಕಡೆಯ ಮಾಸ್ತರರದು ಒಂದು ಹಟವಿತ್ತು. ಅವರ ಕ್ಲಾಸಿನಲ್ಲಿ ರಬ್ಬರ್ ಇಲ್ಲ. ಒಂದಕ್ಷರ ತಪ್ಪಿದರೂ ಕಾಗದ ಎಳೆದು ತೆಗೆದು, ಹೊಸದು ಹಾಕಿ, ಮೊದಲ ಸಾಲಿನಿಂದ ಹೊಡೆಯಬೇಕು. ಕೊನೆಯ ಸಾಲಿನಲ್ಲಿ ತಪ್ಪಿದಾಗ ನನಗೆ ಅಳುವೇ ಬರುತ್ತಿತ್ತು. "ಉಜ್ಜಿದ್ರೆ ಕಾಗದ ತೂತಾಗ್ತದೆ ಅಷ್ಟೆ. ತಪ್ಪು ಎಲ್ಲಿಗೂ ಹೋಗುದಿಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಪರೀಕ್ಷೆಗೆ ಎರಡು ತಿಂಗಳಿದ್ದಾಗ ಗಂಡನ ಪತ್ರ ಬಂತು. ಅತ್ತೆ ಹಾಸಿಗೆ ಹಿಡಿದಿದ್ದಾರೆ, ಆದದ್ದನ್ನು ಮರೆತು ಬಾ ಎಂದು ಬರೆದಿದ್ದ. ಅಣ್ಣ ನಿನ್ನಿಷ್ಟ ಎಂದು ಕೈತೊಳೆದುಕೊಂಡ. ಅತ್ತಿಗೆ ನನ್ನ ಟ್ರಂಕಿನ ಧೂಳು ಒರೆಸಿದಳು. ಯೋಚಿಸಿ ಯೋಚಿಸಿ ಸೋತು ನಾನು ಆ ಪತ್ರವನ್ನು ಮಾಸ್ತರರ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿದರು.

"ಹೋಗು. ಮನುಷ್ಯ ಬದಲಾಗ್ತಾನೆ. ಹೆಣ್ಣಿಗೆ ತನ್ನದು ಅಂತ ಒಂದು ಮನೆ ಬೇಕಲ್ಲ?"

ಅವರ ಮಾತು ನನಗೆ ಒಪ್ಪಿಗೆಯಾಗಿತ್ತು ಎಂದಲ್ಲ. ಯಾರಾದರೂ ಒಂದು ದಾರಿ ಹೇಳಿದರೆ ಸಾಕು ಎನ್ನುವಷ್ಟು ದಣಿದಿದ್ದೆ. ಹೋದೆ.

ನಾಲ್ಕು ತಿಂಗಳಿಗೆ ತಿರುಗಿ ಬಂದೆ. ಎಡಗೈ ಮಣಿಕಟ್ಟು ಊದಿತ್ತು, ಸರಿಯಾಗಿ ತಿರುಗುತ್ತಿರಲಿಲ್ಲ. ರೈಲಿನುದ್ದಕ್ಕೂ ಮಾಸ್ತರರಿಗೆ ಅನ್ನಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಟ್ಟುಕೊಂಡಿದ್ದೆ. ಚಾಳಿನವರೆಲ್ಲ ಯಾಕೆ ಬಂದೆ ಎಂದು ಕೇಳಿದರು, ಅಣ್ಣನೂ ಕೇಳಿದ. ಮರುದಿನ ಪಾರ್ಲೆಯ ಆ ಮೆಟ್ಟಿಲು ಹತ್ತಿದೆ.

ಮಾಸ್ತರರು ನನ್ನ ಮುಖ ನೋಡಿದರು, ಮಣಿಕಟ್ಟು ನೋಡಿದರು. ತಾಳ ನಿಂತಿತು. ಎಲ್ಲರೂ ತಲೆಯೆತ್ತಿದರು. ಅವರು ಕುರ್ಚಿಯಿಂದ ಎದ್ದು ನಿಂತರು.

"ನಾನು ಹೇಳಿದ್ದು ತಪ್ಪಾಯ್ತು ಮಾರಾಯ್ತಿ. ನನಗೆ ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕಿದೆ."

ಜೋಡಿಸಿಟ್ಟ ಮಾತುಗಳನ್ನು ಬದಿಗಿಟ್ಟು ನಾನು ಬಾಗಿಲಲ್ಲಿ ಚಪ್ಪಲಿ ಕಳಚಿದೆ. ಅವರು ನನ್ನ ಹಳೆಯ ಮಷೀನಿನ ಮುಂದೆ ಬಂದು, ಆ ಡೊಂಕು ಬೆರಳುಗಳಿಂದ ಒಂದು ಹೊಸ ಕಾಗದ ಸಿಕ್ಕಿಸಲು ಒದ್ದಾಡಿದರು. ಎರಡು ಸಲ ಸೊಟ್ಟಗಾಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ, ನಾನೂ ಹೋಗಲಿಲ್ಲ. ಮೂರನೆಯ ಸಲ ನೆಟ್ಟಗೆ ಕೂತಿತು.

"ಮೊದಲ ಸಾಲಿನಿಂದ ಹೊಡಿ" ಎಂದರು.

ನನ್ನ ಕೈ ಸರಿಹೋಗುವವರೆಗೆ ಅವರು ತಾಳವನ್ನು ಅರ್ಧಕ್ಕೆ ಇಳಿಸಿದರು. ನನ್ನಿಂದಾಗಿ ಇಡೀ ಕ್ಲಾಸು ನಿಧಾನವಾಯಿತು. ಕೆಲವರು ಗೊಣಗಿದರು, ಮಾಸ್ತರರು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಪರೀಕ್ಷೆ ಪಾಸಾಗಿ ಫೋರ್ಟಿನ ಒಂದು ಆಫೀಸು ಸೇರಿದೆ. ಮತ್ತೆ ಹುಬ್ಬಳ್ಳಿಗೆ ಹೋಗಲಿಲ್ಲ.

ಎರಡು ವರ್ಷದ ನಂತರ, ಮಳೆಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ತಿಳಿದದ್ದು ನಾಲ್ಕು ದಿನ ಕಳೆದ ಮೇಲೆ. ಅವತ್ತು ಆಫೀಸಿನಲ್ಲಿ ಒಂದೇ ಪತ್ರವನ್ನು ಐದು ಸಲ ಹೊಡೆದೆ.

ಆಮೇಲೂ ನನಗೆ ಬುದ್ಧಿ ಹೇಳಿದವರು ಬೇಕಾದಷ್ಟು ಜನ. ಹೇಳಿದ್ದು ತಪ್ಪಾಯಿತು ಎಂದು ಎದ್ದು ನಿಂತವರು ಅವರೊಬ್ಬರೇ. ಈಗ ಅಣ್ಣನ ಮೊಮ್ಮಕ್ಕಳು ನನ್ನ ಹತ್ತಿರ ದಾರಿ ಕೇಳಿಕೊಂಡು ಬರುತ್ತಾರೆ. ನನಗೆ ತೋಚಿದ್ದನ್ನು ಹೇಳುತ್ತೇನೆ. ಹೇಳಿ, ತಪ್ಪಾದರೆ ನೇರ ನನ್ನ ಮನೆಗೇ ಬನ್ನಿ, ಯಾಕೆ ಬಂದಿರಿ ಎಂದು ಕೇಳುವುದಿಲ್ಲ ಎನ್ನುತ್ತೇನೆ.