ಅಕ್ಕ ಅಮೆರಿಕ, ನಾನು ಜಪಾನು

ನಾನು ಚಿಕ್ಕವನಿದ್ದಾಗ, ಕೊಪ್ಪದ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದುತ್ತಿದ್ದಾಗ, ಒಂದು ಇಡೀ ಯುದ್ಧವನ್ನೇ ಸೋತಿದ್ದೇನೆ ಮಕ್ಕಳೇ. ಅದೂ ಅಕ್ಕನ ಎದುರು!

ಶಾಲೆಯ ವಾರ್ಷಿಕೋತ್ಸವಕ್ಕೆ ಮೇಷ್ಟ್ರು ಅಮೆರಿಕ ಮತ್ತು ಜಪಾನಿನ ಯುದ್ಧ ಮುಗಿದ ದಿನದ ನಾಟಕ ಮಾಡಿಸಿದ್ದರು. ಅಕ್ಕ ಆಗ ಏಳನೇ ಕ್ಲಾಸು. ಗೆಲ್ಲುವ ಅಮೆರಿಕದ ಸೇನಾಪತಿ ಅವಳು, ಸೋಲುವ ಜಪಾನಿನವನು ನಾನು. ಅವಳಿಗೆ ಇಸ್ತ್ರಿ ಮಾಡಿದ ಖಾಕಿ ಕೋಟು, ಮೇಷ್ಟ್ರ ಕುರ್ಚಿ, ಅವರದೇ ಶಾಯಿ ಪೆನ್ನು. ಕೋಟಿನಿಂದ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಅದೂ ನನಗೆ ಬೇಕಿತ್ತು. ನನಗೆ ಸಿಕ್ಕಿದ್ದು ಅಂಟು ಮೆತ್ತಿದ ರಟ್ಟಿನ ಟೊಪ್ಪಿ, ಕಿವಿಗೆಲ್ಲ ತುರಿಕೆ. ಹೊಟ್ಟೆ ಉರಿದುಹೋಯಿತು.

"ಯಾವಾಗ್ಲೂ ಅವಳೇ ಎಂತಕ್ಕೆ ಗೆಲ್ಲೂದು?" ಎಂದು ಮೇಷ್ಟ್ರ ಹತ್ತಿರ ಜಗಳ ತೆಗೆದೆ.

"ಆ ಎರಡು ದೇಶ ಈಗ ದೋಸ್ತಿ ಮಾರಾಯ. ಕೊನೆಗೆ ಕೈ ಕುಲುಕೂದಿದೆಯಲ್ಲ, ನಿಂಗೆಂತ ಕಷ್ಟ?" ಎಂದು ಅವರು ನಕ್ಕರು.

ದೇಶಗಳಿಗೇನು, ಅವಕ್ಕೆ ಅಕ್ಕ ಇರಲಿಲ್ಲ!

ಶೃಂಗೇರಿಯಲ್ಲಿ ಕೆಲಸಕ್ಕಿದ್ದ ಅಪ್ಪ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಅವತ್ತು ನಾಟಕಕ್ಕೆಂದೇ ಬಸ್ಸು ಹಿಡಿದು ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಅವರೆದುರು ಮಾತ್ರ ಸೋಲಬಾರದು ಎಂದು ಹಟ ತೊಟ್ಟೆ. ಅಕ್ಕ ಗತ್ತಿನಿಂದ ಶರಣಾಗತಿಯ ಕಾಗದ ಮುಂದಿಟ್ಟು "ರುಜು ಹಾಕು" ಎಂದಳು. ನಾನು ಮೇಜಿಗೆ ಜಾಡಿಸಿ ಒದ್ದೆ. ಕಾಗದ ನೆಲಕ್ಕೆ ಬಿತ್ತು, ಅದರ ಮೇಲೆ ನನ್ನ ಕಾಲು ಬಿತ್ತು. ಅಯ್ಯೋ! ಕಾಗದಕ್ಕೆ ಕಾಲು ತಾಗಿದರೆ ಸರಸ್ವತಿಗೇ ತಾಗಿದ ಹಾಗೆ ಎಂದು ಬೆಳೆದವರು ನಾವು. ಯೋಚನೆ ಬರುವ ಮೊದಲೇ ಬಗ್ಗಿ ಅದನ್ನು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡುಬಿಟ್ಟಿದ್ದೆ. ಜಪಾನು ಅಕ್ಕನ ಕಾಲ ಬುಡದಲ್ಲಿ ತಲೆ ಬಗ್ಗಿಸಿತ್ತು!

ಅದೂ ನಾಟಕವೇ ಎಂದುಕೊಂಡು ಸಭೆಯೆಲ್ಲ ಚಪ್ಪಾಳೆ. ಅಪ್ಪ ಎದ್ದು ನಿಂತು, "ಎಷ್ಟು ಚಂದ ಸೋತ್ಯೋ ಮಾಣಿ!" ಎಂದು ಕೂಗಿದರು. ನನಗೆ ಅವಮಾನದಿಂದ ಕಣ್ಣು ತುಂಬಿತು. ಕೈ ಕುಲುಕುವಾಗ ಅಕ್ಕ ನನ್ನ ಬೆರಳು ಹಿಂಡಿ, "ಗೆದ್ದದ್ದು ನಾನು. ಅಪ್ಪ ನನ್ನ ನೋಡ್ಲೇ ಇಲ್ಲ" ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಅಕ್ಕನಿಗೂ ಹೊಟ್ಟೆಕಿಚ್ಚಾಗುತ್ತದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

ಈಗ ನೀವಿಬ್ಬರು ಮೊಮ್ಮಕ್ಕಳೂ ಒಂದೊಂದು ಫೋನು ಹಿಡಿದು, ಒಂದೊಂದು ಮೂಲೆಯಲ್ಲಿ ಕೂತು ಯುದ್ಧ ಆಡುತ್ತೀರಿ. ಸೋತರೆ ಗುಂಡಿ ಒತ್ತಿದರಾಯಿತು, ಮತ್ತೆ ಹೊಸ ಆಟ. ಆ ಸುಖ ಕಂಡರೆ ನನಗೆ ಈಗಲೂ ಹೊಟ್ಟೆಕಿಚ್ಚು, ಸುಳ್ಳು ಯಾಕೆ ಹೇಳಲಿ? ಆದರೆ ನಾನು ಸೋತಾಗ ಎದ್ದು ನಿಂತು ಚಪ್ಪಾಳೆ ತಟ್ಟಲು ಅಪ್ಪ ಇದ್ದರು. ನೀವು ಸೋತದ್ದು ನಿಮ್ಮ ಅಪ್ಪನಿಗೆ ಗೊತ್ತೇ ಆಗುವುದಿಲ್ಲ.